ಮೇಲಿನ ಬೋಲ್ಟು ಮೊದಲು

ಗಾಡಿಯ ಹಿಂದಿನ ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಗೇರಿನ ಆಯಿಲನ್ನು ಮೂಸಿ ನೋಡಿಯೇ ಬದಲಾಯಿಸಬೇಕೋ ಬೇಡವೋ ಎಂದು ತೀರ್ಪು ಕೊಡುತ್ತಿದ್ದ ಆ ಮೆಕ್ಯಾನಿಕ್‌ನನ್ನು ಎಲ್ಲರೂ ಮೂಗಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಅವನು ಕಂಡಕಂಡವರಿಗೆ ಹೇಳುತ್ತಿದ್ದ ಪಾಠ ಒಂದೇ: ಹೊಸ ಆಯಿಲ್ ತುಂಬುವ ಮೇಲಿನ ಬೋಲ್ಟು ಬಿಚ್ಚಿದ ಮೇಲೆಯೇ ಹಳೆಯದನ್ನು ಇಳಿಸುವ ಕೆಳಗಿನ ಬೋಲ್ಟಿಗೆ ಕೈ ಹಾಕಬೇಕು.

ಆವತ್ತು ಅವನು ತನ್ನದೇ ಜೀಪಿನ ಅಡಿ ಮಲಗಿದ್ದಾಗ ಹೆಂಡತಿ ಓಡಿಬಂದಳು.

"ರೀ, ಮಗಳಿಗೆ ಹೆಣ್ಣು ಮಗು ಆಯ್ತಂತೆ."

ಮಲಗಿದ್ದವನಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಗ ಮುಗಿಸಿ ಹೊರಡುವ ಸಂಭ್ರಮದಲ್ಲಿ ಕೆಳಗಿನ ಬೋಲ್ಟನ್ನೇ ಸರಸರನೆ ಬಿಚ್ಚಿಬಿಟ್ಟ. ಕರೀ ಆಯಿಲೆಲ್ಲ ಬಾಂಡ್ಲಿಗೆ ಇಳಿದುಹೋಯಿತು. ಮೇಲಿನ ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಆಯಿಲ್ ಇಲ್ಲದ ಜೀಪು ಹೊರಡುವಂತಿರಲಿಲ್ಲ.

"ಊರಿಗೆಲ್ಲ ಪಾಠ ಹೇಳೋರು ನೋಡಿ," ಎಂದು ನಗುತ್ತಲೇ ಹೆಂಡತಿ ಸ್ಕೂಟರ್ ಸ್ಟಾರ್ಟ್ ಮಾಡಿದಳು. "ಹತ್ತಿ ಹಿಂದೆ. ಆ ಕೈಯಲ್ಲಿ ನನ್ನ ಮಾತ್ರ ಮುಟ್ಟಬೇಡಿ."

ಆಸ್ಪತ್ರೆಯಲ್ಲಿ ನರ್ಸು ಮೂರು ಸಲ ಸೋಪು ಹಚ್ಚಿಸಿ ಕೈ ತೊಳೆಸಿದಳು. ಮೂಗಣ್ಣ ಮೊಮ್ಮಗಳನ್ನು ಎತ್ತಿಕೊಂಡವನೇ ನೆತ್ತಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡ.

"ಹೇಗಿದೆ ಅಪ್ಪಾ?" ಎಂದಳು ಮಗಳು.

"ಏನೂ ಬದಲಾಯಿಸೋದು ಬೇಡ ಕಣಮ್ಮ."