ತುದಿಯಲ್ಲಿ ಕೊಟ್ಟ ನಿಂಬೆಹಣ್ಣು

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಎರಡನೆಯ ಶನಿವಾರ, ಸಂಜೆ ಏಳೂವರೆಯಿಂದ ಎಂಟು ಗಂಟೆ ನಲವತ್ತು ನಿಮಿಷದವರೆಗೆ ನಾನು ಇಂಡಿಯಲ್ಲಿ, ಸಾಲೋಟಗಿ ರಸ್ತೆಯ ಮಗ್ಗುಲಿನ ಒಂದು ಸೈಕಲ್ ದುರಸ್ತಿ ಅಂಗಡಿಯೊಳಗೆ ನಿಂತಿದ್ದೆ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಎಡಗಡೆಯ ಗೋಡೆಗೆ ಬೆನ್ನು ಕೊಟ್ಟು. ಎದುರಿನ ಗೋಡೆಯ ಟಿ.ವಿ.ಗೂ ನನಗೂ ಏಳು ಅಡಿ ಅಂತರ. ನನ್ನ ಬಲಗೈಯಲ್ಲಿ ಒಂದು ನಿಂಬೆಹಣ್ಣು ಇತ್ತು.

ಇಷ್ಟು ಅಳೆದು ಹೇಳುವುದು ನನಗೆ ಅಭ್ಯಾಸ. ಮುದ್ದೇಬಿಹಾಳದಲ್ಲಿ ಭೂಮಾಪಕನ ಕೆಲಸ ನನ್ನದು. ಎರಡು ಹೊಲಗಳ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದರೆ, ಕಲ್ಲು ಹುಡುಕಿ, ನಕಾಶೆ ತಾಳೆ ನೋಡಿ, ಆಮೇಲೆ ಬಾಯಿ ತೆರೆಯುತ್ತೇನೆ. ಗೆರೆ ಎಲ್ಲಿದೆ ಎಂದು ನೋಡದೆ ನಾನು ಮಾತಾಡಿದ್ದು ಆ ಸಂಜೆ ಮಾತ್ರ.

ಅಂಗಡಿಯಲ್ಲಿ ನಾಲ್ವರಿದ್ದೆವು. ಅಂಗಡಿಯ ಮಿಸ್ತ್ರಿ, ನನ್ನ ಗೆಳೆಯ, ಅವನ ಹೆಂಡತಿ, ನಾನು. ಗೆಳೆಯನೂ ನಾನೂ ಹೈಸ್ಕೂಲಿನಿಂದ ಒಟ್ಟಿಗೆ ಸೈಕಲ್ ರೇಸು ಓಡಿಸಿದವರು. ನಮ್ಮ ಕಡೆ ಇದು ವಿಶೇಷವಲ್ಲ. ಊರಿಗೆ ಒಬ್ಬನಾದರೂ ಸೈಕಲ್ಲಿನಿಂದ ನೌಕರಿ ಹಿಡಿದವನು ಇರುತ್ತಾನೆ. ಅವನು ಹಿಡಿದ, ನಾನು ಪರೀಕ್ಷೆ ಬರೆದು ಹಿಡಿದೆ. ಅವನ ಹೆಂಡತಿ ಬಸವನ ಬಾಗೇವಾಡಿಯವರು, ಅವರೂ ರೇಸಿನವರು. ರಾಜ್ಯದ ಅಂಗಿ ತೊಟ್ಟು ದೂರದ ಗುಡ್ಡದ ಸೀಮೆಗೆ ಹೋಗಿ ಓಡಿಸಿ ಬಂದವರು ನಮ್ಮಲ್ಲಿ ಅವರೊಬ್ಬರೇ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ.

ನಮಗೆ ಗುಡ್ಡ ಇರಲಿಲ್ಲ, ಗಾಳಿ ಇತ್ತು. ಇಂಡಿಯಿಂದ ಸಿಂದಗಿಗೆ ಹೋಗುವಾಗ ಆಷಾಢದ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಹೋಗುವಾಗ ಮಾತಾಡುತ್ತ ಹೋಗುತ್ತಿದ್ದೆವು, ಬರುವಾಗ ಒಬ್ಬರ ಹಿಂದೆ ಒಬ್ಬರು, ಮುಂದಿನವನ ಹಿಂದಿನ ಗಾಲಿಗೆ ಕಣ್ಣು ನೆಟ್ಟು, ಉಸಿರು ಉಳಿಸಿಕೊಂಡು ಬರುತ್ತಿದ್ದೆವು. ಬಹಳ ಹೊತ್ತು ಮುಂದೆ ಇರುತ್ತಿದ್ದವನು ಅವನೇ. ಎದುರಿನ ಗಾಳಿಯನ್ನೆಲ್ಲ ಅವನು ತಿಂದು, ನನಗೆ ಅವನ ಬೆನ್ನಿನ ಮರೆ ಬಿಡುತ್ತಿದ್ದ.

ಆ ಜುಲೈಗೆ ಒಂದೂವರೆ ವರ್ಷ ಮೊದಲು ಅವನಿಗೆ ಎದೆನೋವು ಬಂದಿತ್ತು. ಎರಡು ಸ್ಟೆಂಟ್ ಹಾಕಿದರು. ನಡೆಯಬಹುದು, ಸೈಕಲ್ ಬೇಡ ಎಂದರು ಡಾಕ್ಟರು. ವೈನಿ ಅವನ ರೇಸ್ ಸೈಕಲ್ಲನ್ನು ಸಾಲೋಟಗಿಯ ಮನೆಯಿಂದ ತಂದು ಈ ಅಂಗಡಿಯ ಮಾಡಿನ ಕೊಕ್ಕೆಗೆ ತೂಗಿಸಿದರು. ಅವನು ದಿನಾಲೂ ಸಂಜೆ ಅಂಗಡಿಗೆ ಬರುತ್ತಿದ್ದ. ಕೈ ಎತ್ತಿ ಹಿಂದಿನ ಗಾಲಿಯನ್ನು ಒಮ್ಮೆ ತಿರುಗಿಸುತ್ತಿದ್ದ. ಅದು ಟಿಕ್ ಟಿಕ್ ಎನ್ನುತ್ತ ನಿಲ್ಲುವವರೆಗೂ ನೋಡಿ, ಆಮೇಲೆ ಕೂಡುತ್ತಿದ್ದ. ನಾನಿದ್ದಾಗಲೂ ಹಾಗೆಯೇ ಮಾಡುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ.

ಆ ಶನಿವಾರ ನನಗೆ ರಜೆ. ಮುದ್ದೇಬಿಹಾಳದಿಂದ ಮೋಟರ್‌ಸೈಕಲ್ ಮೇಲೆ ಬಂದಿದ್ದೆ. ಯುರೋಪಿನ ಮೂರು ವಾರದ ದೊಡ್ಡ ರೇಸಿನಲ್ಲಿ ಅಂದು ಗುಡ್ಡದ ದಿನ. ಮಿಸ್ತ್ರಿ ತನ್ನ ಫೋನನ್ನು ಹಳೆಯ ಟಿ.ವಿ.ಗೆ ಜೋಡಿಸಿದ್ದ. ವೈನಿ ಗಂಡನನ್ನು ಮನೆಗೆ ಕರೆದೊಯ್ಯಲು ಬಂದವರು ಚಿತ್ರ ನೋಡಿ ನಿಂತರು. ಅವನು ಅದೇ ಹಳೆಯ ಮಾತು ತೆಗೆದ.

"ಒಂದ ಸಲ ಬಿಡು. ಸಿಂದಗಿ ಮುಟ್ಟಿ ಬರ್ತೇನಿ."

"ದಿನಾ ಅದ ರಾಗ," ಎಂದರು ವೈನಿ.

"ರಾಗ ಅಲ್ಲ, ಹಸಿವು ಅದು," ಎಂದ ಮಿಸ್ತ್ರಿ, ಟ್ಯೂಬಿಗೆ ಉಪ್ಪುಕಾಗದ ತಿಕ್ಕುತ್ತ. "ನನ್ನ ಅಂಗಡ್ಯಾಗ ಬಂದು ಆ ಗಾಲಿ ತಿರುಗಿಸಿ ತಿರುಗಿಸಿ ಬೇರಿಂಗ್ ಸವಿಸ್ಯಾನ. ಒಂದು ತೀರ್ಮಾನ ಮಾಡ್ರಿ ತಾಯಿ."

ವೈನಿ ಸ್ವಲ್ಪ ಹೊತ್ತು ಟಿ.ವಿ. ನೋಡಿದರು. ಆಮೇಲೆ ಹೇಳಿದರು: "ಆತು. ಶರತ್ತು ಕಟ್ಟೂಣು. ನೀವು ಒಬ್ಬನ್ನ ಹಿಡೀರಿ, ನಾ ಒಬ್ಬನ್ನ ಹಿಡೀತೇನಿ. ನಿಮ್ಮಾವ ಮುಂದ ಬಂದ್ರ ಒಂದು ಸಲ ಸಿಂದಗಿ. ಹೋಗೂದಷ್ಟ. ಬರೂದು ಬಸ್ಸಿನಾಗ. ನನ್ನಾವ ಮುಂದ ಬಂದ್ರ ಈ ಸೈಕಲ್ ಬಾಗೇವಾಡ್ಯಾಗ ರೇಸ್ ಕಲಿಯೂ ಹುಡುಗ್ಯಾರಿಗೆ ಕೊಡೂದು. ಮತ್ತ ಈ ಮಾತು ಮನ್ಯಾಗ ಎತ್ತಬಾರದು."

ಅವನು ನಗುವುದನ್ನು ನಿಲ್ಲಿಸಿದ. ಅವನಿಗೆ ಅದು ಆಟವಲ್ಲ ಎಂಬುದು ನಮಗೆಲ್ಲರಿಗೂ ಆಗಲೇ ಗೊತ್ತಾಯಿತು.

ಅವನು ಕೆಂಪು ಅಂಗಿಯ ಉದ್ದನೆಯವನನ್ನು ಹಿಡಿದ. ವೈನಿ ನೀಲಿ ಅಂಗಿಯ ಗಿಡ್ಡನನ್ನು ಹಿಡಿದರು. ಆ ಗಿಡ್ಡ ಗುಂಪಿನ ಕೊನೆಯಲ್ಲಿ ಅತ್ತಿತ್ತ ನೋಡುತ್ತ ಬರುತ್ತಿದ್ದ.

"ಅಂವ ಸಂತ್ಯಾಗ ಬದನಿಕಾಯಿ ಆರಿಸಾಕ ಬಂದಾವನಂಗ ಅದಾನ," ಎಂದ ಗೆಳೆಯ.

"ಆರಿಸಿ ತರ್ತಾನ, ನೋಡಾಕತ್ತಿರ್ರಿ."

ನಮ್ಮ ಸೈಕಲ್ ಹುಡುಗರಲ್ಲಿ ಒಂದು ರೂಢಿ ಇತ್ತು. ಯಾರು ಏನೇ ಶರತ್ತು ಕಟ್ಟಲಿ, ನಡುವೆ ಒಬ್ಬ ನಿಲ್ಲಬೇಕು. ಅವನ ಕೈಯಲ್ಲಿ ಒಂದು ನಿಂಬೆಹಣ್ಣು. ರೇಸಿನಲ್ಲಿ ಬಾಯಿ ಒಣಗಿದಾಗ ಹೀರುವುದಕ್ಕೆ ಎಲ್ಲರ ಕಿಸೆಯಲ್ಲೂ ನಿಂಬೆಹಣ್ಣು ಇರುತ್ತಿತ್ತು, ಅದರಿಂದ ಬಂದ ರೂಢಿ ಇರಬೇಕು. ಗೆದ್ದವನಿಗೆ ನಡುವಿನವನು ಹಣ್ಣು ಕೊಡುತ್ತಾನೆ. ಕೊಟ್ಟ ಹಣ್ಣನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಕೊಟ್ಟವನು ಕೂಡ. ಹಾಗಿಲ್ಲದಿದ್ದರೆ ನಮ್ಮ ಒಂದು ಜಗಳವೂ ಮುಗಿಯುತ್ತಿರಲಿಲ್ಲ.

"ನಡುವಿನಾವ ಯಾರು?" ಎಂದ ಮಿಸ್ತ್ರಿ, ತಾನೇ ಉತ್ತರ ಕೊಟ್ಟ: "ಮೋಜಣಿ ಸಾಹೇಬ ಇದ್ದಾನಲ್ಲ. ಊರವರ ಹೊಲದ ಗೆರಿ ಹೇಳಾವ, ಇದರ ಗೆರಿ ಹೇಳಲಾರನ?" ಪಕ್ಕದ ಹಣ್ಣಿನ ಬಂಡಿಯಿಂದ ಒಂದು ನಿಂಬೆಹಣ್ಣು ತಂದು ನನ್ನ ಕೈಗೆ ಇಟ್ಟ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅದುವರೆಗೆ ಗುಡ್ಡದ ದಿನವೊಂದನ್ನು ನಾವು ಪೂರ್ತಿ ನೋಡಿರಲಿಲ್ಲ. ಫೋನಿನಲ್ಲಿ ತುಣುಕುಗಳನ್ನು ನೋಡಿದ್ದೆವು, ಅವೆಲ್ಲ ಗುಡ್ಡದ ತುದಿಯಲ್ಲೇ ಮುಗಿದಿದ್ದವು. ಬಯಲಿನವರಿಗೆ ಗುಡ್ಡ ಎಂದರೆ ಏರುವುದು. ಏರಿದರೆ ಮುಗಿಯಿತು. ಆಚೆ ಒಂದು ಇಳಿಜಾರು ಇರುತ್ತದೆ, ಅದನ್ನು ಇಳಿಯುವುದೂ ರೇಸೇ ಎಂಬುದು ನಮ್ಮ ಕಾಲುಗಳಿಗೆ ಗೊತ್ತಿರಲಿಲ್ಲ. ಮಿಸ್ತ್ರಿಯ ಟಿ.ವಿ. ಚಿತ್ರದ ನಾಲ್ಕೂ ಅಂಚನ್ನು ಕತ್ತರಿಸಿ ತೋರಿಸುತ್ತಿತ್ತು. ಇನ್ನೆಷ್ಟು ಕಿಲೋಮೀಟರು ಉಳಿದಿದೆ ಎಂಬ ಅಂಕಿ ಆ ಅಂಚಿನಲ್ಲೇ ಇತ್ತೆಂದು ನಾನು ಮರುವಾರ ನನ್ನ ಫೋನಿನಲ್ಲಿ ಅದೇ ರೇಸನ್ನು ಮತ್ತೆ ನೋಡಿದಾಗ ತಿಳಿಯಿತು.

ಕೆಂಪು ಅಂಗಿಯವನು ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದ. ಬಾಯಿ ತೆರೆದಿತ್ತು. ಗೆಳೆಯ ಕುರ್ಚಿಯ ಅಂಚಿಗೆ ಬಂದ. ಅವನ ಬಲ ಪಾದ ನೆಲದ ಮೇಲೆ ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ನಾನು ಟಿ.ವಿ.ಗಿಂತ ಹೆಚ್ಚು ಆ ಪಾದವನ್ನೇ ನೋಡಿದೆ ಎಂದು ಈಗ ಅನಿಸುತ್ತದೆ.

ಎಂಟು ಗಂಟೆ ಹತ್ತು ನಿಮಿಷಕ್ಕೆ ಕೆಂಪು ಅಂಗಿಯವನು ತುದಿ ಮುಟ್ಟಿದ. ಮೇಲೆ ಬ್ಯಾನರು, ಕೆಳಗೆ ರಸ್ತೆಗೆ ಅಡ್ಡ ಬಿಳಿ ಗೆರೆ, ಎರಡೂ ಕಡೆ ಜನ. ನೀಲಿ ಅಂಗಿಯವನು ಸುಮಾರು ಇಪ್ಪತ್ತು ಸೆಕೆಂಡು ಹಿಂದೆ. ಗೆರೆ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. "ಗೆದ್ದಿ," ಎಂದು ಹೇಳಿ ನಾನು ಹಣ್ಣನ್ನು ಅವನ ಕೈಗೆ ಕೊಟ್ಟೆ.

ಅವನು ಹಣ್ಣನ್ನು ಮೂಗಿಗೆ ಹಿಡಿದ. ಆಮೇಲೆ ಕಿಸೆಗೆ ಹಾಕಿ, ನೇರ ಕೊಕ್ಕೆಯ ಕಡೆ ಹೋಗಿ ಸೈಕಲ್ಲಿಗೆ ಎರಡೂ ಕೈ ಹಾಕಿದ.

"ಒಬ್ಬರ ಎತ್ತಬ್ಯಾಡ್ರಿ," ಎಂದು ವೈನಿ ಎದ್ದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಇಳಿಸಿದರು. ಅವನ ಮುಖವನ್ನು ನಾನು ಆಗ ನೋಡಿದೆ. ಮೊದಲ ಸಲ ರೇಸಿಗೆ ಹೆಸರು ಬರೆಸಿದ ದಿನ ಅವನಿಗೆ ಇದ್ದ ಮುಖ ಅದು.

"ಸಾಹೇಬ್ರ," ಎಂದ ಮಿಸ್ತ್ರಿ. "ಗೆದ್ದಾಂವ ಮತ್ತ್ಯಾಕ ಓಡಾಕತ್ತಾನ?"

ನಾವು ತಿರುಗಿ ನೋಡಿದೆವು. ಕೆಂಪು ಅಂಗಿಯವನು ಅಂಗಿಯ ಜಿಪ್ಪು ಏರಿಸಿಕೊಂಡು, ಮೈ ಮಡಚಿ, ಇಳಿಜಾರಿನಲ್ಲಿ ಹೋಗುತ್ತಿದ್ದ. ಹಿಂದೆ ನೀಲಿ ಅಂಗಿಯವನು. ಅವನು ತಿರುವುಗಳಲ್ಲಿ ಹೇಗೆ ಬಾಗುತ್ತಿದ್ದನೆಂದರೆ ಮೊಣಕಾಲು ಡಾಂಬರಿಗೆ ತಾಗುವಂತಿತ್ತು. ಇಪ್ಪತ್ತು ನಿಮಿಷ ಹಾಗೇ ನಿಂತು ನೋಡಿದೆವು. ಅಂತರ ಕರಗುತ್ತ ಬಂತು. ಕೆಳಗೆ ಕಣಿವೆಯ ಊರಿನಲ್ಲಿ, ಇನ್ನೊಂದು ಬ್ಯಾನರಿನ ಕೆಳಗೆ, ರೇಸು ನಿಜವಾಗಿ ಮುಗಿಯುವ ಗೆರೆಯಲ್ಲಿ, ನೀಲಿ ಅಂಗಿಯವನು ಮೂರು ಸೈಕಲ್ ಉದ್ದ ಮುಂದೆ ಬಂದು ಕೈ ಎತ್ತಿದ.

ಗೆಳೆಯ ಕಿಸೆಯಿಂದ ಹಣ್ಣು ತೆಗೆದು ನನ್ನ ಕಡೆ ಚಾಚಿದ. "ತಗೋ. ಇದು ನಂದಲ್ಲ."

ನನ್ನ ಕೈ ಮೇಲೇಳಲಿಲ್ಲ. ಅವನು ವೈನಿಯ ಕಡೆ ತಿರುಗಿದ.

"ನನಗ್ಯಾಕ ಕೊಡ್ತೀರಿ," ಎಂದರು ವೈನಿ. "ಕೊಟ್ಟ ಹಣ್ಣು ಕೊಟ್ಟಂಗ. ನಾಳಿ ನಸುಕಿನಾಗ ಹೋಗ್ರಿ, ಬಿಸಿಲು ಏರೂದ್ರೊಳಗ. ಅಣ್ಣಾರ, ನೀವು ಗಾಡಿ ಮ್ಯಾಲ ಹಿಂದ ಹೋಗ್ರಿ." ಕಡೆಯ ಮಾತು ನನಗೆ.

ಮಿಸ್ತ್ರಿ ಆಗಲೇ ಗಾಲಿಗೆ ಗಾಳಿ ಹೊಡೆಯಲು ಕುಳಿತಿದ್ದ.

ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಹೊರಟೆವು. ನಾನು ಮೂವತ್ತು ಅಡಿ ಹಿಂದೆ ಮೋಟರ್‌ಸೈಕಲ್ ಮೇಲೆ. ಇಬ್ಬನಿ ಇರಲಿಲ್ಲ, ಮೋಡ ಇತ್ತು. ಮೊದಲ ಮೈಲಿಯಲ್ಲಿ ಅವನ ಸೊಂಟ ಅತ್ತಿತ್ತ ಆಡಿತು. ಆಮೇಲೆ ನಿಂತಿತು. ಅಲ್ಲಿಂದ ಮುಂದೆ ಸೊಂಟದ ಮೇಲಿನ ಮೈ ಅಲುಗಲಿಲ್ಲ, ಕಾಲುಗಳು ಮಾತ್ರ. ನಾನು ಎಂಜಿನ್ನಿನ ಸದ್ದು ಸಾಧ್ಯವಾದಷ್ಟು ಇಳಿಸಿದೆ, ಅವನ ಚೈನಿನ ಸದ್ದು ಕೇಳಲಿ ಎಂದು. ಕೇಳಿತು. ಇಪ್ಪತ್ತೈದು ವರ್ಷ ನಾನು ನೋಡಿದ ಬೆನ್ನು ಅದು. ನನಗೂ ಒಂದು ಸೈಕಲ್ ಬೇಕಿತ್ತು. ಮಿಸ್ತ್ರಿಯ ಅಂಗಡಿಯಲ್ಲಿ ಕೇಳಿದ್ದರೆ ಒಂದು ಸಿಗುತ್ತಿತ್ತು.

ನಡುದಾರಿಯ ಊರು ತಾಂಬಾದಲ್ಲಿ ಹತ್ತು ನಿಮಿಷ ಕೂತು ಚಹಾ ಕುಡಿದೆವು. ಎಂಟೂ ಕಾಲಿಗೆ ಸಿಂದಗಿ ಬಸ್ ನಿಲ್ದಾಣದ ಮುಂದೆ ಅವನು ಕಾಲು ಕೆಳಗಿಟ್ಟ. ಅಷ್ಟರಲ್ಲಿ ಗಾಳಿ ಎದ್ದಿತ್ತು. ಅವನು ಬಂದ ದಾರಿಯ ಕಡೆ ಮುಖ ಮಾಡಿ ನಿಂತ. ಬೆವರಿದ ಅಂಗಿ ಎದೆಗೆ ಅಂಟಿತು.

"ಲೇ," ಎಂದ. "ಮೊದಲನೇ ಮೈಲಿಗಲ್ಲಿನ ತನಕ ಹೋಗಿ ಬಸ್ಸು ಹತ್ತೂಣು. ಗಾಳಿ ಎದಿಗಿ ತಗೊಂಡು ಎಷ್ಟ ದಿನಾತು."

"ಬ್ಯಾಡ."

"ಒಂದ ಮೈಲಿ ಲೇ."

"ಹೋಗೂದಷ್ಟ ಅಂತ ಮಾತಾಗೇತಿ. ಬಾ."

ಅವನು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಚೆನ್ನಾಗಿತ್ತು. ನಾವಿಬ್ಬರೂ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ಹಗ್ಗ ಕಟ್ಟಿಸಿದೆವು. ನಾನು ಬಸ್ಸಿನ ಹಿಂದೆಯೇ ಬಂದೆ. ತಾಂಬಾ ದಾಟುವವರೆಗೂ ಅವನ ಕೈ ಕಿಟಕಿಯಿಂದ ಹೊರಗಿತ್ತು, ಅಂಗೈ ತೆರೆದು ಗಾಳಿಗೆ ಎದುರಾಗಿ. ಕಂಡಕ್ಟರು ಹೇಳಿರಬೇಕು, ಆಮೇಲೆ ಒಳಗೆ ತೆಗೆದುಕೊಂಡ.

ಅದಾಗಿ ಏಳು ತಿಂಗಳಿಗೆ, ಸಾಲೋಟಗಿಯ ಮನೆಯಲ್ಲಿ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಡುವಾಗ ಅವನು ಹೋದ. ಡಾಕ್ಟರನ್ನು ನಾನೇ ಹೋಗಿ ಕೇಳಿದೆ. ಆ ಸಿಂದಗಿಯ ಸವಾರಿಗೂ ಇದಕ್ಕೂ ಸಂಬಂಧ ಇಲ್ಲ ಎಂದರು. ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ಆದರೂ ನನ್ನೊಳಗೆ ಲೆಕ್ಕ ಸರಿಹೋಗಲಿಲ್ಲ. ತಪ್ಪಾದ ಗೆರೆ ನೋಡಿ ನಾನು ಆಡಿದ ಮಾತು ಅವನಿಗೆ ಸಿಂದಗಿಯ ದಾರಿ ಕೊಟ್ಟಿತು. ಸರಿಯಾಗಿ ತೂಗಿ ಆಡಿದ ಮಾತು ಅವನಿಂದ ಒಂದು ಮೈಲಿ ಎದುರುಗಾಳಿ ಕಿತ್ತುಕೊಂಡಿತು. ರಾತ್ರಿ ನನ್ನನ್ನು ಎಬ್ಬಿಸುವುದು ತಪ್ಪು ಮಾತಲ್ಲ.

ಕಳೆದ ವರ್ಷ ವೈನಿ ಆ ಸೈಕಲ್ಲನ್ನು ಬಸವನ ಬಾಗೇವಾಡಿಗೆ ತಂದು, ರೇಸು ಕಲಿಯುವ ಒಬ್ಬ ಹುಡುಗಿಗೆ ಕೊಟ್ಟರು. ಮುದ್ದೇಬಿಹಾಳದಿಂದ ನನ್ನನ್ನೂ ಕರೆಸಿದ್ದರು. ಹುಡುಗಿ ಗಿಡ್ಡ, ಸೀಟು ಎರಡು ಇಂಚು ಇಳಿಸಬೇಕಿತ್ತು. ನಾನು ಸೈಕಲ್ ಹಿಡಿದೆ, ವೈನಿ ಕುಕ್ಕರಗಾಲಲ್ಲಿ ಕೂತು ಪಾನಾ ತಿರುಗಿಸಿದರು. ಹಾಗೆ ತಿರುಗಿಸುತ್ತಲೇ, ತಲೆ ಎತ್ತದೆ ಹೇಳಿದರು:

"ಆವತ್ತ ತುದ್ಯಾಗ ಮುಗಿಯೂದಿಲ್ಲ ಅಂತ ನನಗ ಗೊತ್ತಿತ್ರಿ ಅಣ್ಣಾರ. ಅದಕ್ಕ ಇಳಿಯಾಕ ಬಲ್ಲಾವನ್ನ ಹಿಡಿದಿದ್ನಿ. ಗುಡ್ಡದ ಸೀಮ್ಯಾಗ ನಾ ಸೋತಿದ್ದು ಇಳಿಜಾರಿನಾಗ."

ನಾನು ಕೇಳಿದೆ: "ಮತ್ತ ನಾ ಹಣ್ಣು ಕೊಡೂ ಮುಂದ ಯಾಕ ತಡೀಲಿಲ್ಲ?"

"ತಡೀಬೇಕಂತ ಬಾಯಿ ತೆಗೆದಿದ್ನಿ. ಅವರ ಪಾದ ನೋಡಿದ್ನಿ. ಕುರ್ಚಿ ಮ್ಯಾಲ ಕುಂತು ತುಳಿಯಾಕತ್ತಿದ್ರು." ಬೋಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. "ಹೋಗಿ ಬರಲಿ ಅನಿಸ್ತು."

ಹುಡುಗಿ ಸೈಕಲ್ ಹತ್ತಿ ಹೋದಳು. ಗಾಳಿ ಅವಳಿಗೆ ಎದುರಿತ್ತು. ನಾವಿಬ್ಬರೂ ಅವಳು ಕಾಣುವಷ್ಟು ಹೊತ್ತು ನೋಡಿದೆವು. ಒಂದು ಮೈಲಿಗಿಂತ ಹೆಚ್ಚೇ ಹೋದಳು.

ನಾನು ಬರೆದದ್ದರಲ್ಲಿ ಅಳತೆ ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ. ಮಿಸ್ತ್ರಿ ಇಂಡಿಯಲ್ಲಿ ಅದೇ ಅಂಗಡಿಯಲ್ಲಿದ್ದಾನೆ. ಕಣ್ಣಿಗೆ ಪೊರೆ ಬಂದಿದೆ, ಕೊಕ್ಕೆ ಖಾಲಿ ಇಟ್ಟಿದ್ದಾನೆ. ವೈನಿ ಸಾಲೋಟಗಿಯಲ್ಲಿದ್ದಾರೆ. ಆ ಸಂಜೆ ಅಂಗಡಿಯಲ್ಲಿದ್ದ ನಾಲ್ವರಲ್ಲಿ ಅದನ್ನು ಕಂಡು ಇನ್ನೂ ಇರುವವರು ಅವರಿಬ್ಬರು, ಮತ್ತು ನಾನು.