ಕೋಟೆಯ ಬುಡದಲ್ಲಿ ಬಾಯಿಯ ಹರಕೆ

ಮಸ್ಕತ್ತಿನ ಅಲ್ ಹೈಲಿನ ನಮ್ಮ ಕಟ್ಟಡದಲ್ಲಿ ಎಲ್ಲೂ ಬರೆದಿಡದ ಕಾನೂನೊಂದಿದೆ. ಊರಿನಿಂದ ಯಾರ ಮನೆಗೆ ನೆಂಟರು ಬಂದರೂ ಅವರ ಪೆಟ್ಟಿಗೆಯಲ್ಲಿ ಉಳಿದವರ ಪಾರ್ಸೆಲ್ಲೂ ಇರಬೇಕು. ಪಾರ್ಸೆಲ್ ತಿಂದವರು ಆ ನೆಂಟರನ್ನು ಒಂದು ದಿನ ಮಸ್ಕತ್ ಸುತ್ತಿಸಬೇಕು. ಹೀಗೆ ದೊಡ್ಡ ಮಸೀದಿ, ಮತ್ರಾದ ಕಡಲದಂಡೆ, ಅರಮನೆ, ಅದರ ಎರಡು ಬದಿಯ ಪೋರ್ಚುಗೀಸ್ ಕೋಟೆ ಎಂದು ನಾನು ತೋರಿಸಿದ್ದಕ್ಕೆ ಲೆಕ್ಕವಿಲ್ಲ. ನೋಡಿದ್ದು ಮಾತ್ರ ಕಡಿಮೆ. ತೋರಿಸುವವರಿಗೆ ನೋಡಲು ಪುರಸೊತ್ತೆಲ್ಲಿ? ಪಾರ್ಕಿಂಗ್ ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಆ ಜೂನಿನಲ್ಲಿ ಎದುರು ಫ್ಲ್ಯಾಟಿನ ಹುಡುಗನ ತಾಯಿ ಮಂಗಳೂರಿನಿಂದ ಬಂದಿದ್ದರು. ಹುಡುಗ ಅಂದರೆ ನಲವತ್ತು ದಾಟಿದವನು, ಮದುವೆಯ ಸುದ್ದಿ ಎತ್ತಿದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವ ಜಾತಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ. ನಾನೂ ಆ ತಾಯಿಯನ್ನು ಹಾಗೇ ಕರೆದೆ. ಅವರು ನನಗೆ ಕುಚ್ಚಲಕ್ಕಿಯನ್ನೂ ಒಣ ಸೀಗಡಿಯ ಚಟ್ನಿಯನ್ನೂ ತಂದುಕೊಟ್ಟಿದ್ದರು. ಚಟ್ನಿ ವಾರದೊಳಗೆ ಖಲಾಸ್. ಇನ್ನು ಸುತ್ತಿಸದೆ ಉಪಾಯವಿರಲಿಲ್ಲ.

ಅದು ಬಾಯಿ ಊರಿಗೆ ಹೊರಡುವ ಹಿಂದಿನ ದಿನ, ಶನಿವಾರ. ಮಗನಿಗೆ ರಜೆಯ ದಿನವೂ ನಿಜ್ವಾದಲ್ಲಿ ಕೆಲಸ. ಅವನು ಬೆಳಿಗ್ಗೆಯೇ ಕಾರು ಹತ್ತಿ ಹೋದದ್ದನ್ನು ಬಾಲ್ಕನಿಯಿಂದ ಖಚಿತ ಮಾಡಿಕೊಂಡೇ ಬಾಯಿ ನನ್ನ ಬಾಗಿಲು ಬಡಿದರು. ಸೀರೆ, ಕೊಡೆ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಮಸೀದಿ ಬೇಡ, ಮಾಲ್ ಬೇಡ, ಪೋರ್ಚುಗೀಸರ ಕೋಟೆಯೊಂದನ್ನು ತೋರಿಸಿದರೆ ಸಾಕು ಎಂದರು.

ನಾನು ಸುಮ್ಮನಿರುವ ಪೈಕಿಯಲ್ಲ. ಪೋರ್ಚುಗೀಸರೆಂಬ ನಿಮ್ಮ ನೆಂಟರ ಮನೆ ನೋಡುವ ಆಸೆಯೋ ಎಂದು ಕೆಣಕಿದೆ. ನಮ್ಮ ಕರಾವಳಿಯ ರಾಣಿಯೊಬ್ಬಳು ಅದೇ ನೆಂಟರನ್ನು ಅಟ್ಟಾಡಿಸಿದ ಕತೆಯನ್ನೂ ಸೇರಿಸಿದೆ. ಬಾಯಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಎಂತ ನೆಂಟರು ಮಗಾ? ಅವರ ಕಾಟ ತಾಳದೆ ಗೋವಾದಿಂದ ಓಡಿಬಂದವರು ನಾವು. ಮನೆ ಬಿಟ್ಟು, ಗದ್ದೆ ಬಿಟ್ಟು. ಅವರು ಕೊಟ್ಟ ದೇವರನ್ನು ಮಾತ್ರ ಬಿಡದೆ ತಕೊಂಡು ಬಂದದ್ದು."

ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೆದ್ದಾರಿ ಸೇರಿದ ಮೇಲೆ ಅವರೇ ವಿಷಯ ಬಿಚ್ಚಿದರು. ಮಗ ಒಮಾನಿಗೆ ಬಂದ ಹೊಸತರಲ್ಲಿ ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ವ್ಯಾಪಾರದಲ್ಲಿ ಮುಳುಗಿ ಅಂಗಡಿಗೆ ಬೀಗ ಹಾಕಿದ್ದ. ಸಂಬಳವಿಲ್ಲ, ವೀಸಾ ಇತ್ಯರ್ಥವಾಗದೆ ಊರಿಗೆ ಹೋಗುವಂತಿಲ್ಲ. ಅಲ್ ಅಮೇರಾತಿನ ಒಂದು ಕೋಣೆಯಲ್ಲಿ ಹುಡುಗ ತಿಂಗಳುಗಟ್ಟಲೆ ಕಳೆದ. ಅದನ್ನು ಮಗ ಇವತ್ತಿನವರೆಗೂ ತಾಯಿಗೆ ಹೇಳಿಲ್ಲ. ತನಗೆ ಗೊತ್ತೆಂದು ತಾಯಿಯೂ ಮಗನಿಗೆ ಹೇಳಿಲ್ಲ.

ಹಾಗಾದರೆ ತಿಳಿದದ್ದು ಹೇಗೆ ಎಂದು ಕೇಳಿದೆ.

"ಪ್ರತೀ ಶುಕ್ರವಾರ ಫೋನು ಮಾಡಿ ಇಲ್ಲಿಯ ಊಟಕ್ಕೆ ಬೈತಿದ್ದ. ಮೀನು ಚಪ್ಪೆ, ಅನ್ನ ಗಂಜಿ, ಅಂತ. ಒಂದು ಶುಕ್ರವಾರ ಫೋನು ಮಾಡಿ, ಊಟ ಆಯ್ತು ಮಮ್ಮಾ, ಒಳ್ಳೇದಿತ್ತು ಅಂದ. ಅವತ್ತು ನನಗೆ ಗೊತ್ತಾಯ್ತು ಅವನಿಗೆ ಊಟ ಇಲ್ಲ ಅಂತ."

ಆಮೇಲೆ ಊರಿನ ಹುಡುಗರಿಂದ ಉಳಿದದ್ದೆಲ್ಲ ತಿಳಿಯಿತಂತೆ. ಆಗ ಬಾಯಿ ಮಾತೆ ಮರಿಯಮ್ಮನಿಗೆ ಹರಕೆ ಹೇಳಿಕೊಂಡರು. ಮಗ ದಡ ಸೇರಿದರೆ ಅವನಿರುವ ಊರಿನ ಎಲ್ಲಕ್ಕಿಂತ ಹಳೆಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತನ್ನ ಕೈಯಾರೆ ಒಂದು ಮೇಣದಬತ್ತಿ ಹಚ್ಚುತ್ತೇನೆ ಎಂದು. ಅಂಥದ್ದು ಮಸ್ಕತ್ತಿನ ಕೋಟೆಯೊಳಗಿದೆ, ಪೋರ್ಚುಗೀಸರ ಕಾಲದ್ದು ಎಂದು ಇಲ್ಲಿಂದ ಮರಳಿದ ಯಾರೋ ಹೇಳಿದ್ದರು. ಮಗ ಬೇರೆ ಕೆಲಸ ಹಿಡಿದು ದಡ ಸೇರಿ ವರ್ಷಗಳಾದವು. ಹರಕೆ ಹಾಗೇ ಉಳಿದಿತ್ತು. ಇವತ್ತು ತಪ್ಪಿದರೆ ಈ ಮೊಣಕಾಲಿನಲ್ಲಿ ಮತ್ತೆ ಬರುವುದುಂಟೇ?

ರೂವಿಯ ಚರ್ಚಿನಲ್ಲಿ ಹಚ್ಚಿದರಾಗದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬೇರೆ ಎಲ್ಲವನ್ನೂ ತಮಾಷೆ ಮಾಡುವ ನಾನು ಹರಕೆಯ ವಿಷಯದಲ್ಲಿ ಗಪ್‌ಚುಪ್. ದೈವಕ್ಕೆ ಕೋಳಿ ಹೇಳಿಕೊಂಡು ಮೊಟ್ಟೆ ಇಟ್ಟು ಬರುವ ಮನೆಯಲ್ಲಿ ಹುಟ್ಟಿದವಳಲ್ಲ ನಾನು.

ದಾರಿಯಲ್ಲಿ ಮತ್ರಾದ ಸೂಕ್ ಎಂಬ ಪೇಟೆಯಲ್ಲಿ ಇಳಿದೆವು. ಇಗರ್ಜಿಗೆಂದು ಲೋಬಾನ ಕೊಳ್ಳಬೇಕಿತ್ತು. ಪವಿತ್ರ ವಸ್ತುವನ್ನು ಸಂತೆಯ ಗಲಾಟೆಗೆ ಒಯ್ಯಬಾರದೆಂದು ಬಾಯಿ ಚೀಲವನ್ನು ಹಿಂದಿನ ಸೀಟಿನಲ್ಲೇ ಮಲಗಿಸಿದರು. ಬೇಸಿಗೆಯಲ್ಲಿ ಲಿಪ್‌ಸ್ಟಿಕ್ಕನ್ನೂ ಕಾರಿನಲ್ಲಿ ಬಿಡದ ನನಗೆ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ. ಲೋಬಾನದ ಚೌಕಾಸಿ ಮುಗಿಸಿ ಬಂದು ಬಾಗಿಲು ತೆರೆದರೆ ಒಳಗೆ ಒಲೆ. ಬಾಯಿ ಚೀಲದಿಂದ ಬತ್ತಿ ತೆಗೆದರು. ಮೊಳದುದ್ದದ, ಪಾದ್ರಿ ಆಶೀರ್ವದಿಸಿ ಕೊಟ್ಟ ಮೇಣದಬತ್ತಿ ನೇಂದ್ರ ಬಾಳೆಕಾಯಿಯ ಹಾಗೆ ಬಾಗಿತ್ತು.

ಸಿಡಿಲು ಬಡಿಯುವಾಗ, ಸಾವು ಬಂದಾಗ ಹಚ್ಚಲೆಂದು ಮನೆಯಲ್ಲಿ ಜೋಪಾನವಾಗಿಡುವ ಬತ್ತಿ ಅದಂತೆ. ಅಂಗಡಿಯಿಂದ ಬೇರೊಂದು ತರಲೇ ಎಂದು ಕೇಳಿದೆ, ತಲೆಯಾಡಿಸಿ ಬೇಡವೆಂದರು. ನನ್ನ ಮೇಲೆ ನನಗೇ ರೇಗಿತು. ಆ ಸಿಟ್ಟನ್ನೆಲ್ಲ ಎದುರಿಗೆ ಬಂದ ಟ್ಯಾಕ್ಸಿಯ ಮೇಲೆ ಹಾರ್ನಿನಲ್ಲಿ ತೀರಿಸಿದೆ. ಪಕ್ಕದಲ್ಲಿ ಬಾಯಿ ತೊಡೆಯ ಮೇಲೆ ಬತ್ತಿಯನ್ನಿಟ್ಟು, ಕೋಡುಬಳೆಯ ಹಿಟ್ಟು ಹೊಸೆದಂತೆ ಅಂಗೈಯಿಂದ ಮೆಲ್ಲಗೆ ಉರುಳಿಸುತ್ತಿದ್ದರು. ಹಳೆಯ ಮಸ್ಕತ್ತಿನ ಹೆಬ್ಬಾಗಿಲು ದಾಟುವ ಹೊತ್ತಿಗೆ ಅದು ಹೆಚ್ಚುಕಡಿಮೆ ನೆಟ್ಟಗಾಗಿತ್ತು.

ಕೋಟೆಯ ಗೇಟು ಮುಚ್ಚಿತ್ತು. ಒಳಗೆ ದುರಸ್ತಿಯ ಕೆಲಸ, ಯಾರಿಗೂ ಪ್ರವೇಶವಿಲ್ಲವೆಂದು ಕಾವಲಿನವನು ಹಿಂದಿಯಲ್ಲೇ ಸೌಜನ್ಯದಿಂದ ಹೇಳಿದ. ಬಾಯಿ ಕತ್ತೆತ್ತಿ ನೋಡಿದರು. ಸುಟ್ಟ ಕಪ್ಪು ಬಂಡೆಯ ನೆತ್ತಿಯಲ್ಲಿ ದುಂಡನೆಯ ಬುರುಜುಗಳು, ಕಡಲಿನ ಕಡೆಗೆ ಫಿರಂಗಿಯ ಕಿಂಡಿಗಳು. ಕೊಲ್ಲಿಯ ಆಚೆ ದಡದಲ್ಲಿ ಅದರ ಜೋಡಿ ಕೋಟೆ. ಇಷ್ಟು ವರ್ಷ ಜನರನ್ನು ಇದರ ಮುಂದೆ ನಿಲ್ಲಿಸಿ ಫೋಟೊ ತೆಗೆದ ನನಗೆ, ಇಷ್ಟೆಲ್ಲ ಫಿರಂಗಿಗಳ ನಡುವೆಯೂ ಪೋರ್ಚುಗೀಸರಿಗೊಂದು ಪ್ರಾರ್ಥನೆಯ ಕೋಣೆ ಬೇಕಾಗಿತ್ತೆಂಬುದು ಅವತ್ತೇ ಮೊದಲು ಮನಸ್ಸಿಗೆ ಬಂತು. ಊರು ಬಿಟ್ಟು ಬಂದವರಿಗೆ ಹೆದರಿಕೆ ಇದ್ದೇ ಇರುತ್ತದಲ್ಲ. ಅವರ ತಾಯಂದಿರೂ ಎಲ್ಲೋ ಬತ್ತಿ ಹಚ್ಚಿರಬೇಕು.

ಒಳಗಿನ ಇಗರ್ಜಿಗೆ ಎದುರಾಗಿ ಗೋಡೆಯ ಬುಡದಲ್ಲಾದರೂ ಹಚ್ಚುತ್ತೇನೆಂದು ಬಾಯಿ ಬಗ್ಗಿದರು. ಕಡಲ ಗಾಳಿ ಬಿಡಬೇಕಲ್ಲ. ಕಡ್ಡಿ ಗೀರಿದ್ದೇ ತಡ, ಆರಿಹೋಗುತ್ತಿತ್ತು. ನನ್ನ ದುಪಟ್ಟಾ ಅಡ್ಡ ಹಿಡಿದರೂ ಅಷ್ಟೇ, ಅವರ ಕೊಡೆ ಹಿಡಿದರೂ ಅಷ್ಟೇ. ಕೊನೆಗೆ ನಾನೇ ಅವರನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿದೆ. ಕಾರಿನ ಮೂತಿ ಕೋಟೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಗಾಜುಗಳನ್ನೆಲ್ಲ ಏರಿಸಿ, ಎಸಿ ಆರಿಸಿದೆ.

ಜ್ವಾಲೆ ನೆಟ್ಟಗೆ ನಿಂತಿತು. ಬಾಯಿ ಜಪಮಣಿ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥಿಸತೊಡಗಿದರು. ಬೆವರು ನಮ್ಮಿಬ್ಬರ ಮುಖದಿಂದ ಧಾರೆಯಾಗಿ ಇಳಿಯುತ್ತಿತ್ತು, ಮೇಣ ಡ್ಯಾಶ್‌ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕಾವಲಿನವನು ಗಾಬರಿಯಿಂದ ಬಂದು ಗಾಜು ಬಡಿಯಲು ಕೈಯೆತ್ತಿದ. ಬತ್ತಿ ಕಂಡ, ಜಪಮಣಿ ಕಂಡ, ಕಣ್ಣು ಮುಚ್ಚಿದ ಮುದುಕಿಯನ್ನು ಕಂಡ. ಕೈ ಇಳಿಸಿ, ನಮಗೆ ಬೆನ್ನು ಹಾಕಿ, ಕಾರಿನ ಪಕ್ಕದಲ್ಲೇ ನಿಂತುಕೊಂಡ. ಪ್ರಾರ್ಥನೆ ಮುಗಿಯುವವರೆಗೂ ಅಲ್ಲಾಡಲಿಲ್ಲ. ನನಗೆ ಅಳು ಬಂತು. ಬೆವರಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಮರಳುವ ದಾರಿಯಲ್ಲಿ ಊಟಕ್ಕೆ ನಿಲ್ಲಿಸಲೇ ಎಂದು ಕೇಳಿದೆ. ಮಗ ಬರುವ ಮೊದಲು ಮನೆ ಸೇರಬೇಕು, ಬೇಡವೆಂದರು. ಎರಡು ಬಾಟಲಿ ನೀರು ಬಿಟ್ಟರೆ ನಮ್ಮ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆದರೂ ಅವನೇ ಮೊದಲು ಬಂದಿದ್ದ. ಬಾಗಿಲು ತೆರೆದಾಗ ಒಳಗಿನಿಂದ ಬಂಗುಡೆ ಸಾರಿನ ಘಮ ಬಂತು. ತಾಯಿ ಇಲ್ಲಿರುವ ಕೊನೆಯ ರಾತ್ರಿಗೆಂದು ಬೇಗನೆ ಬಂದು ಅಡುಗೆ ಮಾಡಿದ್ದ. ಏನೇನು ನೋಡಿದಿರಿ ಎಂದು ಕೇಳಿದ. ಕೋಟೆ ಮುಚ್ಚಿತ್ತು, ಹೊರಗಿನಿಂದಲೇ ನೋಡಿದೆವು ಎಂದರು ಬಾಯಿ.

"ಊಟ ಆಯ್ತಾ ಮಮ್ಮಾ?"

"ಆಯ್ತು ಮಗಾ. ಒಳ್ಳೇದಿತ್ತು."

ಅವನು ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿದ. ನನ್ನ ಕಡೆಗೂ ನೋಡಿದ. ನಾನು ಚಪ್ಪಲಿ ಸರಿಮಾಡುವ ನೆವದಲ್ಲಿ ಬಗ್ಗಿದೆ. ಅವನು ಒಳಗೆ ಹೋಗಿ ಮೂರು ತಟ್ಟೆ ತಂದಿಟ್ಟು ಅನ್ನ ಬಡಿಸತೊಡಗಿದ.