ಮೂರು ಮೆಟ್ಟಿಲು

ಆಗ ನಮ್ಮ ಬಾಪೂಜಿ ನಗರದ ವಠಾರದಲ್ಲಿ ಬೇಸಿಗೆ ರಜೆಯ ಕೊನೆಯ ದಿನವೆಂದರೆ ಮೈದಾ ಅಂಟಿನ ವಾಸನೆ. ಅಮ್ಮ ಸ್ಟೌ ಮೇಲೆ ಅಂಟು ಕಾಯಿಸಿ ಕೊಡುತ್ತಿದ್ದಳು. ನಾನೂ ತಮ್ಮ ಚೇತುವೂ ನೆಲದ ಮೇಲೆ ಕೂತು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದೆವು. ಆ ವರ್ಷ ಅವನು ಏಳನೇ ಕ್ಲಾಸಿಗೆ, ನಾನು ಎಂಟಕ್ಕೆ. ಎರಡೂ ಕ್ಲಾಸು ಶಾಲೆಯ ಮಹಡಿಯ ಮೇಲಿದ್ದವು.

ಸಂಜೆ ಬೀದಿಯಲ್ಲಿ ಲಗೋರಿ. ಚೇತುವಿಗೆ ಓಡಲು ಬರುತ್ತಿರಲಿಲ್ಲ, ಆದರೆ ಗುರಿ ತಪ್ಪುತ್ತಿರಲಿಲ್ಲ. ಅವನು ಹೊಡೆಯುವುದು, ನಾನು ಓಡಿ ಕಲ್ಲು ಜೋಡಿಸುವುದು. ನಮ್ಮಿಬ್ಬರ ಒಪ್ಪಂದ ಅದು. ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದ ಅಣ್ಣ ಅವನ ಕಾಲು ನೋಡಿ ಯಾವಾಗಲೂ ಕೂಗುತ್ತಿದ್ದ.

"ಏನ್ ಮೀನಖಂಡ ಗುರು! ಪೈಲ್ವಾನ್ ಆಗ್ತೀಯ ಬಿಡು."

"ಆಗ್ತೀನಿ ಅಣ್ಣ, ಮೊದಲು ನಿನ್ನೇ ಎತ್ತಿ ಒಗೀತೀನಿ," ಎನ್ನುತ್ತಿದ್ದ ಚೇತು.

ಆ ದಪ್ಪ ಮೀನಖಂಡದ ಬಗ್ಗೆ ನಮಗೆಲ್ಲ ಹೆಮ್ಮೆ. ಅಪ್ಪ ನೆಂಟರನ್ನು ಕರೆದು ತೋರಿಸುತ್ತಿದ್ದರು.

ಆ ವರ್ಷ ಶಾಲೆ ತೆರೆದ ದಿನವೇ ಮಹಡಿ ಮೆಟ್ಟಿಲಿನ ಅರ್ಧದಲ್ಲಿ ಚೇತು ಬಿದ್ದ. ತೊಡೆಯ ಮೇಲೆ ಕೈಯೂರಿ ಎದ್ದ, ಮತ್ತೆ ಬಿದ್ದ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ರೋಗ. ಸ್ನಾಯು ಸಾಯುತ್ತಾ ಹೋಗುತ್ತದೆ, ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ನಾವು ಇಷ್ಟು ದಿನ ಹೆಮ್ಮೆಪಟ್ಟಿದ್ದು ರೋಗಕ್ಕೆ.

"ಗುಣ ಆಗಲ್ಲಮ್ಮ. ಆದ್ರೆ ಬುದ್ಧಿಗೇನೂ ಆಗಿಲ್ಲ. ಯಾವ ಕಾರಣಕ್ಕೂ ಸ್ಕೂಲ್ ಬಿಡಿಸ್ಬೇಡಿ."

ಅಮ್ಮನಿಗೆ ಆಗ ನೆನಪಾಯಿತು. ಅವಳ ತಮ್ಮನೊಬ್ಬ ಮಾಗಡಿಯಲ್ಲಿ ಕಾಲು ಸೋತು ಹಾಸಿಗೆ ಹಿಡಿದು ತೀರಿಹೋಗಿದ್ದ. ಯಾವುದೋ ಗಾಳಿ ಸೋಕಿತು ಎಂದಿದ್ದರಂತೆ. ಮನೆಗೆ ಬಂದ ಮೇಲೆ ಅಪ್ಪನ ತಾಯಿ ಅವಳಿಗೆ, "ತವರಿಂದ ಏನೂ ತರ್ಲಿಲ್ಲ ಅಂತಿದ್ದೆ, ತಂದೀಯಲ್ಲ ಕಣೇ," ಎಂದರು. ಆ ಮಾತಿಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಪ್ಪ ಶಾಲೆಗೆ ಹೋಗಿ, ಏಳನೇ ಕ್ಲಾಸನ್ನು ಕೆಳಗೆ ನಡೆಸಿ ಎಂದು ಬೇಡಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಇವನೊಬ್ಬನಿಗೋಸ್ಕರ ನಲವತ್ತು ಮಕ್ಕಳನ್ನ ಕೆಳಗಿಳಿಸೋಕಾಗತ್ತೇನ್ರೀ?" ಎಂದರು ಹೆಡ್ ಮಿಸ್ಸು.

ಈಗ ಹೇಳುತ್ತೇನೆ. ಆಗುತ್ತಿತ್ತು. ಆ ನಲವತ್ತು ಮಕ್ಕಳಿಗೂ ಕಾಲಿತ್ತು.

ಚೇತುವನ್ನು ಕೆಳಗಡೆ ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿದರು. ಏಳನೇ ಕ್ಲಾಸಿನ ಪುಸ್ತಕ ಹಿಡಿದು ಅವನೊಬ್ಬನೇ ಓದಿಕೊಳ್ಳುತ್ತಿದ್ದ. ಮೇಲೆ ನಡೆದ ಪಾಠವನ್ನು ಸಂಜೆ ಅವನ ಗೆಳೆಯರಿಂದ ಕೇಳಿ ಬಂದು ನಾನು ಒಪ್ಪಿಸುತ್ತಿದ್ದೆ. "ನಾನು ಇಲ್ಲಿ ಮೇಷ್ಟ್ರು ಕಣೇ ಅಕ್ಕ, ಮಗ್ಗಿ ತಪ್ಪಿದ್ರೆ ಕಿವಿ ಹಿಂಡ್ತೀನಿ," ಎಂದು ನಗುತ್ತಿದ್ದ. ದೀಪಾವಳಿ ಕಳೆಯುವ ಹೊತ್ತಿಗೆ ಅವನ ನಡಿಗೆ ಪೂರ್ತಿ ನಿಂತಿತು.

ನವೆಂಬರಿನಲ್ಲಿ ಬೀದಿಯ ರಾಜ್ಯೋತ್ಸವ. ಕೆಂಪು ಹಳದಿ ಬಾವುಟ, ಆರ್ಕೆಸ್ಟ್ರಾ, ಚಿತ್ರಾನ್ನದ ಘಮ. ಯುವಕ ಸಂಘದವರು ಚೇತುವನ್ನು ನಾಲ್ಕು ಜನ ಎತ್ತಿ ವೇದಿಕೆ ಹತ್ತಿಸಿದರು, ಶಾಲು ಹೊದಿಸಿದರು, ಗಾಲಿಕುರ್ಚಿ ಕೊಟ್ಟರು. "ಈ ಕಡೆ ನೋಡು ಮಗಾ, ನಗು," ಎಂದು ಫೋಟೋ ತೆಗೆದರು. ಕುರ್ಚಿಯ ಬೆನ್ನಿಗೆ ದಾನಿಯ ಹೆಸರು ದಪ್ಪಕ್ಷರದಲ್ಲಿತ್ತು. ಅದು ದೊಡ್ಡವರ ಅಳತೆಯದು. ಚೇತುವಿನ ಕಾಲು ಪಾದದ ಹಲಗೆಗೆ ಮುಟ್ಟುತ್ತಿರಲಿಲ್ಲ.

"ಇನ್ನೊಬ್ಬನ್ನ ಕೂರಿಸ್ಕೊಂಡು ಟಿಕೆಟ್ ಹರೀಬಹುದು ಅಕ್ಕ," ಎಂದ. ಆದರೂ ಅವನಿಗೆ ಖುಷಿಯೇ. ಇನ್ನು ಶಾಲೆಗೆ ಹೋಗಬಹುದಲ್ಲ.

ಸೋಮವಾರ ಅಪ್ಪ ತಳ್ಳಿಕೊಂಡು ಹೋದರು. ಕೆಳಗಿನ ಜಗುಲಿಗೂ ಮೂರು ಮೆಟ್ಟಿಲಿದ್ದವು. ಅಪ್ಪ ಗಾರೆ ಕೆಲಸದವರು. ಕಣ್ಣಲ್ಲೇ ಅಳೆದು ಹೆಡ್ ಮಿಸ್ಸಿಗೆ ಹೇಳಿದರು:

"ಒಂದು ಭಾನುವಾರ ಕೊಡಿ ಮೇಡಂ. ಸಿಮೆಂಟು, ಮರಳು ನಾನೇ ತರ್ತೀನಿ. ಇಳಿಜಾರು ಕಟ್ಕೊಡ್ತೀನಿ."

"ಸರ್ಕಾರಿ ಕಟ್ಟಡ ಕಣ್ರೀ. ಒಂದು ಇಟ್ಟಿಗೆ ಇಡೋಕೂ ಮೇಲಿಂದ ಲೆಟರ್ ಬರ್ಬೇಕು."

ಅಪ್ಪ ಅರ್ಜಿ ಕೊಟ್ಟರು. ಫೋಟೋ ತೆಗೆಸಿಕೊಂಡ ಸಂಘದವರ ಬಳಿಯೂ ಹೋದರು. "ನೋಡಣ ಬಿಡಣ್ಣ, ಮಾತಾಡ್ತೀವಿ," ಎಂದರು. ಅದೇ ತಿಂಗಳು ಅಪ್ಪ ಬಸವೇಶ್ವರನಗರದಲ್ಲಿ ಮನೆಗಳ ಮುಂದೆ, ಅರ್ಧ ಫುಟ್‌ಪಾತ್ ನುಂಗಿ, ಕಾರು ಹತ್ತಿಸುವ ಇಳಿಜಾರು ಕಟ್ಟುತ್ತಿದ್ದರು. ಕಾರುಗಳಿಗೆ ಯಾರೂ ಲೆಟರ್ ಕೇಳಲಿಲ್ಲ.

ಕೆಲವು ದಿನ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಜಗುಲಿ ಹತ್ತಿಸಿದರು. ಆಮೇಲೆ ಕೆಲಸಕ್ಕೆ ತಡವಾಗಿ ಮೇಸ್ತ್ರಿ ಬೈದ. ನಾನು ಹೊರಲು ಹೋಗಿ ಇಬ್ಬರೂ ಬಿದ್ದೆವು. ಅವತ್ತು ಮನೆಗೆ ಬಂದ ಚೇತು, "ನಾಳೆಯಿಂದ ಬೇಡ ಅಪ್ಪ," ಎಂದ. ಅವನ ಬಾಯಲ್ಲಿ ತಮಾಷೆ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಹತ್ತೊಂಬತ್ತು ತುಂಬುವವರೆಗೆ ಕಿಟಕಿಯ ಪಕ್ಕ ಕೂತಿದ್ದ. ರೋಗ ಅವನ ಕಾಲು ಕಿತ್ತುಕೊಂಡಿತು, ಕೊನೆಗೆ ಉಸಿರನ್ನೂ. ಶಾಲೆಯನ್ನು ಕಿತ್ತುಕೊಂಡಿದ್ದು ರೋಗವಲ್ಲ.

ಹೋದ ಚುನಾವಣೆಯಲ್ಲಿ ಓಟು ಹಾಕಲು ಅದೇ ಶಾಲೆಗೆ ಹೋಗಿದ್ದೆ. ಮೂರು ಮೆಟ್ಟಿಲ ಮೇಲೆ ಅಗಲವಾದ ಮರದ ಹಲಗೆ ಇಳಿಜಾರಾಗಿ ಹಾಸಿದ್ದರು. ವಯಸ್ಸಾದವರೊಬ್ಬರನ್ನು ಗಾಲಿಕುರ್ಚಿಯಲ್ಲಿ ಸಲೀಸಾಗಿ ಮೇಲೆ ತಳ್ಳಿಕೊಂಡು ಹೋದರು. ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದು ಆ ಹಲಗೆಯ ಪಕ್ಕ ಸುಮಾರು ಹೊತ್ತು ನಿಂತೆ. ಇಷ್ಟೇ ಸಾಕಾಗಿತ್ತು.

ಮರುದಿನ ಕೆಲಸಕ್ಕೆ ಹೋಗುವಾಗ ಗೇಟಿನಿಂದ ಇಣುಕಿದೆ. ಹಲಗೆ ತೆಗೆದಿದ್ದರು. ಮಕ್ಕಳು ಮೆಟ್ಟಿಲು ಹತ್ತಿ ಒಳಗೆ ಓಡುತ್ತಿದ್ದರು. ಅಲ್ಲಿ ಇಳಿಜಾರು ಇನ್ನೂ ಇಲ್ಲ. ಚೇತುವೂ ಇಲ್ಲ.